ಮೊಳೆಯ ಮೇಲೆ ಉಳಿದ ಬಿಲ್ಲೆ

ಬೆಟಗೇರಿ

ಊರಿನ ಹೆಸರು ಬರೆಯುವುದಿಲ್ಲ. ಜಾಂಬಿಯಾ ದೇಶದಲ್ಲಿ ತಾಮ್ರದ ಗಣಿಗಳು ಸಾಲಾಗಿರುವ ಸೀಮೆಯಲ್ಲಿ ಅದೊಂದು ಊರು ಎಂದಷ್ಟೇ ತಿಳಿದುಕೊಳ್ಳಿ. ಯಾಕೆ ಬರೆಯುವುದಿಲ್ಲ ಎನ್ನುವುದು ಓದುತ್ತ ಹೋದಂತೆ ನಿಮಗೇ ಗೊತ್ತಾಗುತ್ತದೆ. ಅಲ್ಲಿ ನಾನು ಮಾಡಿಬಂದ ಘನಕಾರ್ಯ ಹಾಗಿದೆ.

ನಾನು ಬೆಟಗೇರಿಯವನು. ಛಾಪಖಾನೆಯಲ್ಲಿ ಸೀಸದ ಅಕ್ಷರ ಜೋಡಿಸುವುದರಿಂದ ಶುರು ಮಾಡಿ, ಕಂಪ್ಯೂಟರ್ ಬಂದ ಮೇಲೆ ಕರಡು ತಿದ್ದುವುದರಲ್ಲಿ ಕಸುಬು ಮುಗಿಸಿದೆ. ಲಗ್ನಪತ್ರಿಕೆಯಲ್ಲಿ ವರನ ಅಪ್ಪನ ಹೆಸರು ತಪ್ಪಿದ್ದರೆ ಅದು ಮೊದಲು ನನ್ನ ಕಣ್ಣಿಗೇ ಬೀಳಬೇಕು. ಗದಗಿನ ಅರ್ಧ ಸಂಸಾರಗಳು ನನ್ನ ಕೈಯಲ್ಲಿ ತಪ್ಪಿಲ್ಲದೆ ಶುರುವಾಗಿವೆ ಎಂದು ನಾನು ಹೇಳುವುದುಂಟು. ಆಮೇಲೆ ಆದದ್ದಕ್ಕೆ ನಾನು ಜವಾಬ್ದಾರನಲ್ಲ.

ನನ್ನ ಅಕ್ಕನ ಮಗ ವೀರೇಶ ಗಣಿ ಡಿಪ್ಲೊಮಾ ಓದಿದವನು. ಮೊದಲು ಸಂಡೂರಿನ ಕಡೆ ದುಡಿದು, ಆರು ವರ್ಷದ ಹಿಂದೆ ಜಾಂಬಿಯಾಕ್ಕೆ ಹೋದ. ಊರಿಗೆ ಬಂದಾಗಲೆಲ್ಲ ನಾನು ನಮ್ಮ ಗಣಿಯ ಸುದ್ದಿ ತೆಗೆಯುತ್ತಿದ್ದೆ. ಕಡೆಗೆ ಅವನಿಗೇ ಸಾಕಾಗಿರಬೇಕು.

"ಮಾಮಾ, ನಮ್ಮ ಗಣಿ ನಮ್ಮ ಗಣಿ ಅಂತೀರಲ್ಲಾ, ಒಮ್ಮೆ ನನ್ನ ಕಡೆ ಬರ್ರಿ. ಖರೆ ಗಣಿ ಅಂದ್ರ ಏನಂತ ತೋರಸ್ತೀನಿ" ಎಂದ.

ನಮ್ಮ ಗಣಿಯೂ ಖರೆ ಗಣಿಯೇ. ಕಪ್ಪತಗುಡ್ಡದ ಸೆರಗಿನಲ್ಲಿ, ಶಿರಹಟ್ಟಿಯಿಂದ ಮುಂಡರಗಿ ಕಡೆಗೆ ಹೋಗುವ ದಾರಿ ಬಿಟ್ಟು ಒಳಗೆ, ನಾನು ಹುಟ್ಟಿದಾಗ ಒಂದು ಸಣ್ಣ ಬಂಗಾರದ ಗಣಿ ಇತ್ತು. ಅದರ ಸುತ್ತ ಹಂಚಿನ ಮನೆಗಳ ಎರಡು ಸಾಲು, ಒಂದು ಶಾಲೆ, ಒಂದು ಕಿರಾಣಿ ಅಂಗಡಿ. ಅದಕ್ಕೆ ಎಲ್ಲರೂ ಕ್ಯಾಂಪ್ ಎನ್ನುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಕಂದೀಲು ಇದ್ದಾಗ ನಮ್ಮ ಕ್ಯಾಂಪಿನಲ್ಲಿ ವಿದ್ಯುತ್ ದೀಪ ಇತ್ತು. ಲಕ್ಷ್ಮೇಶ್ವರದ ಸಂತೆಗೆ ಹೋದರೆ ಅಂಗಡಿಯವರು "ಕ್ಯಾಂಪಿನ ಮಂದಿ ಬಂದ್ರು, ಕುಂಡ್ರಿಸ್ರಿ" ಎನ್ನುತ್ತಿದ್ದರು. ಅಪ್ಪ ಹದಿನಾರು ವರ್ಷ ಬಂಗಾರದ ಗಣಿಯಲ್ಲಿ ದುಡಿದರೂ ಅಲ್ಲಿಯ ಬಂಗಾರವನ್ನು ಕಣ್ಣಿಂದ ನೋಡಲಿಲ್ಲ. ಅವ್ವನ ಕೊರಳಲ್ಲಿ ಇದ್ದದ್ದು ತವರಿನದು.

ಅಪ್ಪ ಬಿಲ್ಲೆ ಕಾರಕೂನ. ಗಣಿಯ ಬಾಯಿಯ ಪಕ್ಕದಲ್ಲಿ ಒಂದು ಗುಡಿಸಲು, ಗೋಡೆಯ ಮೇಲೆ ಹಲಗೆ, ಹಲಗೆಯ ತುಂಬ ಮೊಳೆ, ಒಂದೊಂದು ಮೊಳೆಗೆ ನಂಬರು ಕೊರೆದ ಒಂದೊಂದು ಹಿತ್ತಾಳೆಯ ಬಿಲ್ಲೆ. ಒಳಗೆ ಇಳಿಯುವವನು ತನ್ನ ಬಿಲ್ಲೆ ತೆಗೆದು ಕಿಸೆಗೆ ಹಾಕಿಕೊಂಡು ಇಳಿಯಬೇಕು. ಮೇಲೆ ಬಂದ ಮೇಲೆ ಅದನ್ನು ಮತ್ತೆ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಒಳಗಿದ್ದಾನೆ. ಬಿಲ್ಲೆ ತೂಗುತ್ತಿದ್ದರೆ ಮನುಷ್ಯ ಹೊರಗೆ ಬಂದು ಸುಖವಾಗಿದ್ದಾನೆ. ಶಾಲೆಯಲ್ಲಿ ಅಕ್ಷರ ಕಲಿಯುವ ಮೊದಲೇ ನಾನು ಆ ಹಲಗೆ ಓದಲು ಕಲಿತಿದ್ದೆ.

ನನಗೆ ಹನ್ನೆರಡು ವರ್ಷವಾದಾಗ ಗಣಿ ನಿಂತಿತು. ಒಂದು ಸೋಮವಾರ ಬೆಳಿಗ್ಗೆ ಪಾಳಿಯ ಭೋಂಗಾ ಕೂಗಲಿಲ್ಲ. ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದು ನಿಂತರು. ಆ ಮಳೆಗಾಲ ಮುಗಿಯುವ ಮೊದಲು ಕ್ಯಾಂಪ್ ಖಾಲಿಯಾಯಿತು. ಹೋಗುವವರು ಬಾಗಿಲು, ಕಿಟಕಿ, ಕೊನೆಗೆ ಹಂಚನ್ನೂ ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಜಾಲಿ ಬೆಳೆದಿದೆ. ನನ್ನ ಊರು ಯಾವುದು ಎಂದು ಕೇಳಿದರೆ ಬೆಟಗೇರಿ ಎನ್ನುತ್ತೇನೆ; ಹಾಗೆ ಅಂದಾಗಲೆಲ್ಲ ಒಳಗೆ ಸಣ್ಣದಾಗಿ ಚುರ್ ಎನ್ನುತ್ತದೆ.

ವಿಮಾನ ಇಳಿದ ಮೇಲೆ

ಹುಬ್ಬಳ್ಳಿಯಿಂದ ಮುಂಬಯಿ, ಅಲ್ಲಿಂದ ಅಡಿಸ್ ಅಬಾಬಾ, ಅಲ್ಲಿಂದ ಜಾಂಬಿಯಾದ ಎಂಡೋಲಾ. ಮೂರು ವಿಮಾನಗಳಲ್ಲಿಯೂ ನನಗೆ ಸಿಕ್ಕ ಊಟ ಒಂದೇ ರುಚಿಯದಾಗಿತ್ತು, ಅಂದರೆ ರುಚಿಯೇ ಇರಲಿಲ್ಲ. ಮನೆಯವಳು ಕಟ್ಟಿಕೊಟ್ಟ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ.

ಅದೇ ಗಂಟು ಎಂಡೋಲಾದಲ್ಲಿ ನನ್ನ ಮಾನ ಕಳೆಯಿತು. ತಪಾಸಣೆಯ ಮೇಜಿನಲ್ಲಿದ್ದ ಅಧಿಕಾರಿ ಶೇಂಗಾ ಹೋಳಿಗೆಯ ಡಬ್ಬಿ ನೋಡಿ ನಕ್ಕ, ಖಡಕ್ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಗುರೆಳ್ಳು ಚಟ್ನಿಯ ಪುಡಿಯ ಚೀಲ ಕೈಗೆ ಬಂದಾಗ ಮಾತ್ರ ನಗು ನಿಂತಿತು. ಕಪ್ಪು ಪುಡಿ, ಒಂದು ಕಿಲೋ. ಅವನು ಬೆಳಕಿಗೆ ಹಿಡಿದು ನೋಡಿದ, ಬೆರಳಲ್ಲಿ ಉಜ್ಜಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ತಲೆ ಕೂಡಿಸಿ ಪಿಸುಗುಟ್ಟಿದರು. ಕಡೆಗೆ ಕೇಳಿದ್ದು: "ಇದು ಯಾವ ಅದಿರು?"

ಗಣಿ ಸೀಮೆಯ ಮಂದಿಗೆ ಪುಡಿ ಅಂದರೆ ಅದಿರೇ. ನಮ್ಮ ಗದಗಿನ ಎಪಿಎಂಸಿಯಲ್ಲಿ ಯಾರಾದರೂ ಕೆಂಪು ಪುಡಿ ತಂದರೆ ಮೆಣಸಿನಕಾಯಿ ಖಾರವೇ ಅಂದುಕೊಳ್ಳುತ್ತಾರಲ್ಲ, ಹಾಗೆ. ನಾನು ಬಾಯಲ್ಲಿ ಹೇಳಿ ಸೋತು, ಚೀಲಕ್ಕೆ ಕೈಹಾಕಿ ಒಂದು ಚಿಟಿಕೆ ತಿಂದು ತೋರಿಸಿದೆ. ಅವನಿಗೂ ಕೊಟ್ಟೆ. ನೆಕ್ಕಿದ, ಕಣ್ಣಲ್ಲಿ ನೀರು ಬಂತು, ಕೈಬೀಸಿ ಹೋಗು ಎಂದ. ಹೊರಗೆ ಕಾಯುತ್ತಿದ್ದ ವೀರೇಶ ಸಂಗತಿ ಕೇಳಿ ಕಾರು ನಿಲ್ಲಿಸಿ ನಕ್ಕ.

ತಾಮ್ರದ ಊರು

ಊರು ನೋಡಲು ಚೆಂದ. ಕೆಂಪು ಮಣ್ಣು, ಅಗಲ ರಸ್ತೆ, ಎರಡೂ ಕಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು. ಪ್ರತಿ ಮನೆಯ ಮುಂದೆ ಮಾವಿನ ಮರ. ತಲೆಯೆತ್ತಿ ಎತ್ತ ನೋಡಿದರೂ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ ಕಾಣುತ್ತದೆ.

ಮೊದಲೆರಡು ದಿನ ವೀರೇಶನ ಹೆಂಡತಿ ಸವಿತಾ ಪುಟ್ಟ ಮಗಳನ್ನು ಶಾಲೆಗೆ ಬಿಟ್ಟು ನನ್ನನ್ನು ಪೇಟೆ ಸುತ್ತಿಸಿದಳು. ಅವಳ ತವರು ಕುರ್ತಕೋಟಿ. ಎರೆಹೊಲದಲ್ಲಿ ಬೆಳೆದ ಹುಡುಗಿ ಈ ಕೆಂಪು ಮಣ್ಣಲ್ಲಿ ಮೆಂತೆ, ಪುಂಡಿಪಲ್ಲೆ ಎಬ್ಬಿಸಿದ್ದಾಳೆ. ದಾರಿಯುದ್ದಕ್ಕೂ ತೋರಿಸುತ್ತಿದ್ದಳು. "ಇದು ಗಣಿ ದವಾಖಾನಿ ಮಾಮಾ, ಇದು ಗಣಿ ಶಾಲಿ. ಅಲ್ಲಿ ಕಾಣತೈತಲ್ಲಾ, ಅದು ಗಣಿಯವರ ಫುಟ್‌ಬಾಲ್ ಮೈದಾನ." ಕ್ಷೌರದ ಅಂಗಡಿಯವನು ಪಾಳಿ ಬಿಡುವ ಹೊತ್ತಿಗೆ ಬಾಗಿಲು ತೆಗೆಯುತ್ತಾನೆ. ಚರ್ಚಿನವರೂ ಪಾಳಿ ನೋಡಿಯೇ ಪ್ರಾರ್ಥನೆ ಇಡುತ್ತಾರೆ. ಟೊಮೆಟೊ ಮಾರುವ ಮುದುಕಿ ಮೊದಲು ತಾಮ್ರದ ದರ ಕೇಳಿ, ಆಮೇಲೆ ತನ್ನ ದರ ಹೇಳುತ್ತಾಳೆ.

ನನಗೆ ಗದಗ ನೆನಪಾಯಿತು. ನಮ್ಮಲ್ಲಿ ಹತ್ತಿ ಹೋದರೆ ಉಳ್ಳಾಗಡ್ಡಿ ಇರುತ್ತದೆ, ಉಳ್ಳಾಗಡ್ಡಿ ಕೈಕೊಟ್ಟರೆ ಮೆಣಸಿನಕಾಯಿ. ಬೆಟಗೇರಿಯ ಮಗ್ಗಗಳ ಸದ್ದು ಓಣಿ ಓಣಿಯಲ್ಲಿ ಅಡಗಿತು, ಛಾಪಖಾನೆಗಳಿಗೆ ಬೀಗ ಬಿತ್ತು, ಆದರೂ ಊರು ಹೇಗೋ ಮಗ್ಗುಲು ಬದಲಿಸಿ ಮಲಗಿತು, ಎದ್ದಿತು. ಇಲ್ಲಿ ಮಗ್ಗುಲು ಬದಲಿಸಲು ಜಾಗವೇ ಇಲ್ಲ. ಅದಿರು ತೆಳುವಾಗುತ್ತಿದೆ, ಮಾಲೀಕರು ಕೈಬಿಡುತ್ತಾರಂತೆ ಎನ್ನುವ ಮಾತು ಆಗ ಊರ ತುಂಬ ಇತ್ತು. ನಮ್ಮ ಕ್ಯಾಂಪಿನ ಕೊನೆಯ ವರ್ಷ ಬಾವಿಕಟ್ಟೆಯ ಮೇಲೆ ದೊಡ್ಡವರು ಇದೇ ದನಿಯಲ್ಲಿ ಮಾತಾಡುತ್ತಿದ್ದರು.

ಇಲ್ಲಿಯ ಮಂದಿಯ ನಡತೆ ನನಗೆ ಮೊದಲ ದಿನವೇ ಹಿಡಿಸಿತು. ಅವರು ಮಾತಿನ ಕೊನೆಗೆ 'ಮುಕ್ವಾಯ್' ಎಂದು ಸೇರಿಸುತ್ತಾರೆ. ನಾವು 'ರಿ' ಹಚ್ಚುತ್ತೇವಲ್ಲ, ಹಾಗೆ. ಹೌದು ಎನ್ನುವುದಿಲ್ಲ, ಹೌದ್ರಿ ಎನ್ನುತ್ತಾರೆ. ಆದ್ದರಿಂದ ಅವರು ನನ್ನ ಜೊತೆ ಆಡಿದ ಇಂಗ್ಲಿಷನ್ನು ಇಲ್ಲಿ ನಮ್ಮ ಮಾತಿಗೇ ತಂದು ಬರೆಯುತ್ತಿದ್ದೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರ ಮರ್ಯಾದೆ ಕಡಿಮೆಯಾಗುತ್ತದೆ.

ಊಟವೂ ನಮ್ಮದೇ ಜಾತಿಯದು. ಬಿಳಿ ಗೋವಿನಜೋಳದ ಹಿಟ್ಟಿನ ಗಟ್ಟಿ ಸಂಗಟಿ, ಅದಕ್ಕೆ ಸೊಪ್ಪಿನ ಪಲ್ಲೆ. ಕೈಯಲ್ಲಿ ನಾದಿ ಉಂಡೆ ಮಾಡಿ ತಿನ್ನುತ್ತಾರೆ. ಆದರೆ ಕೈ ತೊಳೆಯದೆ ಒಂದು ತುತ್ತೂ ಮುಟ್ಟುವುದಿಲ್ಲ. ಮನೆಯವರು ತಂಬಿಗೆ ಹಿಡಿದು ನೀರು ಹಾಕಬೇಕು, ಊಟಕ್ಕೆ ಮೊದಲೂ, ಆಮೇಲೂ. ಎರಡು ಬಿಸ್ಕೀಟು ತಿಂದರೂ ಹೀಗೇ. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲ ದಿನ ಮಧ್ಯಾಹ್ನ ಎರಡೂವರೆಗೆ ಸವಿತಾ ಇದ್ದಕ್ಕಿದ್ದಂತೆ ಎದ್ದು ಗಾಜಿನ ಲೋಟದ ಹಲಗೆಗೆ ಕೈಯೊತ್ತಿ ನಿಂತಳು. ಏನವ್ವಾ ಎಂದು ನಾನು ಕೇಳುವಷ್ಟರಲ್ಲಿ ನೆಲದೊಳಗಿಂದ ಧಡಲ್ ಎಂದು ಸದ್ದು ಬಂತು, ಕಿಟಕಿಗಳು ನಡುಗಿದವು. ಅವಳು ಕೈತೆಗೆದು ಮತ್ತೆ ಕುಳಿತಳು.

"ಮದ್ದು ಹಾರಸ್ತಾರ ಮಾಮಾ. ಮುಂಜಾನಿ ಪಾಳೇದವ್ರು ಎಲ್ಲಾರೂ ಮ್ಯಾಲೆ ಬಂದಮ್ಯಾಲೆ. ನಮ್ಮೂರಾಗ ಇದ ಗಡಿಯಾರ" ಎಂದಳು. ಎಷ್ಟೋ ವರ್ಷದ ಮೇಲೆ ನೆಲ ನಡುಗುವ ಮನೆಯೊಂದರಲ್ಲಿ ಕುಳಿತಿದ್ದೆ.

ಗಣಿಯ ಬಾಯಿ

ಐದನೆಯ ದಿನ ವೀರೇಶ ನನ್ನನ್ನು ಒಳಗೆ ಇಳಿಸಲು ಪರವಾನಗಿ ತಂದ. ಅವನು ಅಲ್ಲಿ ಪಾಳಿ ಮೇಲ್ವಿಚಾರಕ, ಅತಿಥಿಗಳನ್ನು ಕರೆದುಕೊಂಡು ಹೋಗುವ ಅಧಿಕಾರ ಅವನಿಗಿತ್ತು. ಹೆಲ್ಮೆಟ್, ದೀಪ, ಮೊಣಕಾಲಿನವರೆಗೆ ಬರುವ ಬೂಟು. ಕನ್ನಡಿಯಲ್ಲಿ ನೋಡಿಕೊಂಡರೆ ಥೇಟ್ ನಾಟಕ ಕಂಪನಿಯ ಪೊಲೀಸನ ಹಾಗೆ ಕಾಣುತ್ತಿದ್ದೆ.

ಗಣಿಯ ಬಾಯಿಯ ಹತ್ತಿರ ಹೋದಾಗ ಕಾಲು ತಾನಾಗಿ ನಿಂತಿತು. ಅಲ್ಲೊಂದು ಕಿಟಕಿ, ಕಿಟಕಿಯ ಪಕ್ಕ ಹಲಗೆ, ಹಲಗೆಯ ತುಂಬ ಬಿಲ್ಲೆ. ಇಷ್ಟು ದೊಡ್ಡ ಗಣಿಯಲ್ಲಿ ಏನೇನೋ ಯಂತ್ರಗಳಿದ್ದರೂ ಬಿಲ್ಲೆಯ ಪದ್ಧತಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಕಿಟಕಿಯ ಹಿಂದೆ ನನ್ನದೇ ವಯಸ್ಸಿನ, ತಲೆ ನರೆತ ಒಬ್ಬ ಮನುಷ್ಯ. ಹೆಸರು ಮುಲೆಂಗಾ. ನನ್ನ ಅಪ್ಪ ಇದೇ ಕೆಲಸದವರು ಎಂದೆ. ಅವರು ಎದ್ದು ನಿಂತು, ಬಲಗೈ ಮುಂದೆ ಚಾಚಿ, ಎಡಗೈಯಿಂದ ಬಲ ಮೊಣಕೈ ಹಿಡಿದು ಕೈಕುಲುಕಿದರು. ಮರ್ಯಾದೆ ತೋರಿಸಲು ಹಾಗೆ ಕೈಕೊಡುವುದು ಅಲ್ಲಿಯ ರೀತಿ.

ಲಿಫ್ಟು ಬರಲು ತಡವಿತ್ತು. ಮುಲೆಂಗಾ ಮಾತಾಡಿದರು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕಿಟಕಿ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. "ಕಪ್ಪು ಗೆರಿ ಇಲ್ಲದಂಗ ಮುಗಿಸಿದವರಿಗೆ ಇರೂ ಮನಿ ಸ್ವಂತ ಆಗತೈತ್ರಿ. ನಮ್ಮ ಹೆಂಡತಿ ಆಗಲೇ ಗ್ವಾಡಿಗೆ ಯಾವ ಬಣ್ಣಾ ಅಂತ ಆರಿಸಿಟ್ಟಾಳ" ಎಂದು ನಕ್ಕರು. ಕೆಲಸದ ದಾಖಲೆಯಲ್ಲಿ ಕಪ್ಪು ಗೆರೆ ಬಿದ್ದರೆ ಏನಾಗುತ್ತದೆ ಎಂದೆ. ಕೆಲಸ ಹೋಗಲೂಬಹುದು, ಉಳಿದರೂ ನಿವೃತ್ತಿಯ ದಿನ ಮನೆ ಬಿಡಬೇಕಾಗುತ್ತದೆ ಎಂದರು. ಇಷ್ಟು ವರ್ಷ ಒಂದೂ ಬಿದ್ದಿರಲಿಲ್ಲ.

ನನಗೆ ಅವರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಚೀಲದಿಂದ ಶೇಂಗಾ ಹೋಳಿಗೆಯ ಪೊಟ್ಟಣ ತೆಗೆದು ಕಿಟಕಿಯೊಳಗೆ ಇಟ್ಟುಬಿಟ್ಟೆ. "ತಿನ್ರಿ, ಮನ್ಯಾಗ ಮಾಡಿದ್ದು" ಎಂದೆ. ಆಗಲೇ ಲಿಫ್ಟು ಬಂತು. ಮುಲೆಂಗಾ ಅವಸರದಲ್ಲಿ ಅರವತ್ತೊಂದನೆಯ ನಂಬರಿನ ಬಿಲ್ಲೆ ತೆಗೆದು, ಇದು ನಿಮ್ಮದು ಎಂದು ತೋರಿಸಿ, ತಾವೇ ಒಂದು ಮೊಳೆಗೆ ಹಾಕಿದರು. ವೀರೇಶ ತನ್ನದನ್ನು ಹಾಕಿದ. ನಾವು ಇಳಿದೆವು.

ಒಳಗಿನ ಸಂಗತಿ ಬಹಳ ಬರೆಯುವುದಿಲ್ಲ. ಕಿವಿ ಕಟ್ಟಿತು, ಸೆಖೆಗೆ ಅಂಗಿ ಮೈಗಂಟಿತು. ಸುರಂಗಗಳು ನಮ್ಮ ಗದಗಿನ ರಸ್ತೆಗಳಿಗಿಂತ ಅಗಲವಾಗಿದ್ದವು, ಗುಂಡಿ ಕಡಿಮೆ ಇದ್ದವು. ಒಂದು ತಿರುವಿನಲ್ಲಿ ತೊಯ್ದ ಕಲ್ಲು ಮತ್ತು ಸುಟ್ಟ ಮದ್ದಿನ ವಾಸನೆ ಒಟ್ಟಾಗಿ ಮೂಗಿಗೆ ಬಂತು. ಅದು ದಿನವಿಡೀ ಗಣಿಯ ಬಾಯಿಯಲ್ಲಿ ಕುಳಿತು ಸಂಜೆ ಮನೆಗೆ ಬಂದ ಅಪ್ಪನ ಅಂಗಿಯ ವಾಸನೆ. ನಾನು ಹುಡುಗನಿದ್ದಾಗ ಒಮ್ಮೆಯೂ ಒಳಗೆ ಇಳಿಯಲು ಅಪ್ಪ ಬಿಟ್ಟಿರಲಿಲ್ಲ. ಕತ್ತಲಲ್ಲಿ ನಿಂತು ಒಂದಿಷ್ಟು ಅತ್ತೆ. ವೀರೇಶ ಬೂಟಿನೊಳಗೆ ಸಿಕ್ಕ ಕಲ್ಲು ತೆಗೆಯುವವನ ಹಾಗೆ ಬಗ್ಗಿದ.

ಮೇಲೆ ಬಂದಾಗ ಹೊರಗಿನ ಬಿಸಿಲಿಗೆ ಕಣ್ಣು ಕುಕ್ಕಿತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಯಾರೋ ವೀರೇಶನನ್ನು ಕೂಗಿ, ಇನ್ನೊಂದು ಗಣಿಬಾಯಿಯಲ್ಲಿ ಪಂಪು ಕೆಟ್ಟಿದೆ ಎಂದರು. ಅವನು ತನ್ನ ಬಿಲ್ಲೆ ಕಿತ್ತು ಕಿಟಕಿಯ ಡಬ್ಬಿಯಲ್ಲಿ ಹಾಕಿ ಓಡಿದ. ಹೋಗುತ್ತ, "ಮಾಮಾ, ನಿಮ್ಮ ಬಿಲ್ಲಿ ನೋಡ್ಕೋರಿ. ಡ್ರೈವರ ಮನಿಗೆ ಬಿಡ್ತಾನ" ಎಂದ.

ನಾನು ಹಲಗೆಯ ಮುಂದೆ ನಿಂತು ನೋಡಿಕೊಂಡೆ. ಅರವತ್ತೊಂದು ಮೊಳೆಯ ಮೇಲೆ ತಣ್ಣಗೆ ತೂಗುತ್ತಿತ್ತು. ಎಲ್ಲ ಸರಿಯಾಗಿದೆ, ಮನುಷ್ಯ ಹೊರಗೆ ಬಂದಿದ್ದಾನೆ. ಬಿಲ್ಲೆಯನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸಮಾಧಾನದಿಂದ ಹೋಗಿ ಗಾಡಿಯಲ್ಲಿ ಕುಳಿತೆ.

ಎರಡೂವರೆ

ಊಟ ಮುಗಿಸಿ ಕುಳಿತಿದ್ದೆವು. ಎರಡೂವರೆಗೆ ಸವಿತಾ ಎದ್ದು ಲೋಟದ ಹಲಗೆಗೆ ಕೈಯೊತ್ತಿ ನಿಂತಳು. ನಿಂತೇ ಇದ್ದಳು. ಎರಡೂ ನಲವತ್ತಾಯಿತು. ಕೈ ತೆಗೆಯಲು ಅವಳಿಗೆ ಧೈರ್ಯವಾಗಲಿಲ್ಲ.

"ಮಾಮಾ, ಹಾರಲಿಲ್ಲ" ಎಂದಳು.

ಹೊರಗೆ ಬಂದೆವು. ಓಣಿಯ ಪ್ರತಿ ಮನೆಯಿಂದ ಹೆಂಗಸರು ಹೊರಗೆ ಬಂದಿದ್ದರು. ಪಕ್ಕದ ಮನೆಯಾಕೆಯ ಕೈಯಲ್ಲಿ ಸಂಗಟಿ ತಿರುವುವ ಕೋಲು ಹಾಗೇ ಇತ್ತು. ಎಲ್ಲರೂ ಗೋಪುರದ ಕಡೆಗೆ ಮುಖ ಮಾಡಿ ನಿಂತಿದ್ದರು. ಗಣಿ ನಿಂತಿತೇ, ಒಳಗೆ ಯಾರಿಗಾದರೂ ಏನಾದರೂ ಆಯಿತೇ, ಈ ಎರಡೇ ಪ್ರಶ್ನೆ. ಎರಡರಲ್ಲಿ ಯಾವುದೇ ಆದರೂ ಯಾರದೋ ಮನೆಯ ಅನ್ನ ಹೋಗುವುದೇ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತ ಆ ಸೋಮವಾರ ಮತ್ತೆ ಕಣ್ಣ ಮುಂದೆ ಬಂತು.

ಸ್ವಲ್ಪ ಹೊತ್ತಿಗೆ ಸುದ್ದಿ ಬಂತು. ಬಿಲ್ಲೆಯ ಲೆಕ್ಕ ಕೂಡುತ್ತಿಲ್ಲ, ಒಬ್ಬ ಮನುಷ್ಯ ಒಳಗೇ ಇದ್ದಾನೆ. ಹುಡುಕುವ ತಂಡ ಇಳಿದಿದೆ, ಅವನು ಸಿಗುವವರೆಗೆ ಮದ್ದು ಹಾರಿಸುವುದಿಲ್ಲ. ಹೆಂಗಸರಲ್ಲಿ ಒಬ್ಬಳು ಪ್ರಾರ್ಥನೆಯ ಹಾಡು ಎತ್ತಿದಳು, ಉಳಿದವರು ದನಿಗೂಡಿಸಿದರು. ನನಗೆ ಹಾಡಿನ ಭಾಷೆ ಬಾರದು. ಕೈಮುಗಿದು ನಿಂತು, ಯಾವ ತಾಯಿಯ ಮಗನೋ, ತಣ್ಣಗೆ ಹೊರಗೆ ಬರಲಿ ಎಂದು ನಮ್ಮ ಮನೆದೇವರಿಗೆ ಹರಕೆ ಹೊತ್ತೆ.

ಮೂರೂಕಾಲಿಗೆ ಸವಿತಾಳಿಗೆ ಫೋನು ಬಂತು. ವೀರೇಶ ಆಗಷ್ಟೇ ಆ ಇನ್ನೊಂದು ಗಣಿಬಾಯಿಯಿಂದ ಮೇಲೆ ಬಂದಿದ್ದ. ಅವಳು ಕೇಳುತ್ತ ಕೇಳುತ್ತ ನನ್ನ ಮುಖ ನೋಡಿದಳು. ಫೋನು ನನ್ನ ಕೈಗೆ ಕೊಟ್ಟಳು.

"ಮಾಮಾ, ನೀವು ಮನ್ಯಾಗ ಅದೀರೇನು?"

"ಇಲ್ಲೇ ಅದೀನಲೇ. ಯಾಕ?"

"ಅರವತ್ತೊಂದು ನಿಮ್ಮ ಬಿಲ್ಲಿ ಮಾಮಾ. ಅದನ್ನ ಮೊಳಿಯಿಂದ ತಗೀಲಿಲ್ಲೇನು?"

"ಯಾಕ ತಗೀಬೇಕು? ಮೊಳಿ ಮ್ಯಾಲೆ ಐತಿ ಅಂದ್ರ ಹೊರಗ ಬಂದೇನಿ ಅಂತ ಅಲ್ಲೇನು?"

ಅವನು ನಿಧಾನವಾಗಿ ಬಿಡಿಸಿ ಹೇಳಿದ. "ಇಲ್ಲಿ ಉಲ್ಟಾ ಮಾಮಾ. ಇಳಿಯೂ ಮುಂದ ಹಾಕೂದು, ಮ್ಯಾಲೆ ಬಂದು ತಗಿಯೂದು. ಮೊಳಿ ಮ್ಯಾಲೆ ಇದ್ರ ಒಳಗ ಅದಾನ ಅಂತ."

ನಾನು ಯಾರಿಗಾಗಿ ಹರಕೆ ಹೊತ್ತಿದ್ದೆನೋ ಅವನು ನಾನೇ ಆಗಿದ್ದೆ. ಆಯುಷ್ಯವೆಲ್ಲ ಸೀಸದ ಉಲ್ಟಾ ಅಕ್ಷರ ಓದಿದವನಿಗೆ ಒಂದು ಉಲ್ಟಾ ಹಲಗೆ ಓದಲಾಗಲಿಲ್ಲ. ಗಾಡಿ ಬಂದು ನನ್ನನ್ನು ಕರೆದುಕೊಂಡು ಹೋಯಿತು. ನಾನು ಖುದ್ದಾಗಿ ಹೋಗಿ ಕಿಟಕಿಯ ಮುಂದೆ ನಿಂತು ಬಿಲ್ಲೆ ತೆಗೆದುಕೊಟ್ಟ ಮೇಲೆಯೇ ಹುಡುಕುವವರು ಮೇಲೆ ಬಂದರು, ಬೆವರಲ್ಲಿ ತೊಯ್ದು ಹೋಗಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಿ, ದೇವರು ದೊಡ್ಡವನು ಎಂದು ಒಬ್ಬೊಬ್ಬರೂ ಕೈಕುಲುಕಿದರು. ಕಿಟಕಿಯ ಹಿಂದೆ ಮುಲೆಂಗಾ ಬೂದಿಯ ಬಣ್ಣವಾಗಿ ಕುಳಿತಿದ್ದರು. ಹೋಳಿಗೆಯ ಪೊಟ್ಟಣ ಅವರ ಮುಂದೆ ಅರ್ಧ ಬಿಚ್ಚಿತ್ತು.

ವಿಚಾರಣೆಯ ದಿನ

ಮರುದಿನ ಹತ್ತು ಗಂಟೆಗೆ ವಿಚಾರಣೆ. ಆಗ ನನಗೆ ಪೂರ್ತಿ ತಿಳಿಯಿತು. ನಾವು ಮೇಲೆ ಬಂದ ಹೊತ್ತಿನಲ್ಲಿ ಮುಲೆಂಗಾ ನಳದ ಹತ್ತಿರ ಹೋಗಿದ್ದರು. ನಾನು ಕೊಟ್ಟದ್ದನ್ನು ತಿನ್ನಲು ಕೈ ತೊಳೆಯಬೇಕಲ್ಲ, ಅದಕ್ಕೆ. ಎರಡು ನಿಮಿಷ ಕಿಟಕಿ ಬಿಟ್ಟಿದ್ದರು. ಕಿಟಕಿ ಬಿಡುವುದು ಕಪ್ಪು ಗೆರೆಯ ತಪ್ಪು. ಅತಿಥಿಯನ್ನು ನಡುವೆ ಬಿಟ್ಟು ಹೋಗುವುದೂ ತಪ್ಪು, ಅದು ವೀರೇಶನದು. ತಪ್ಪು ಯಾರದು ಎಂದು ಆ ಬೆಳಿಗ್ಗೆ ತೀರ್ಮಾನವಾಗಬೇಕಿತ್ತು.

ಚಹಾ ಕುಡಿಯುವಾಗ ವೀರೇಶ ತಲೆ ತಗ್ಗಿಸಿಕೊಂಡೇ ಹೇಳಿದ. "ಮಾಮಾ, ಕಿಡಕ್ಯಾಗ ಯಾರೂ ಇರಲಿಲ್ಲ, ಬಿಲ್ಲಿ ಯಾರ ಕೈಗೆ ಕೊಡೂದು ಗೊತ್ತಾಗಲಿಲ್ಲ, ಅಲ್ಲೇ ಬಿಟ್ಟೆ ಅಂತ ಹೇಳ್ರಿ. ಸುಳ್ಳೇನಲ್ಲ ಅದು. ಕಿಡಕಿ ಖಾಲಿ ಇದ್ದದ್ದು ಖರೇನ ಐತಿ."

"ಮುಲೆಂಗಾ ಅವ್ರದು?"

"ಅವರು ಹೆಂಗೂ ನಾಲ್ಕು ತಿಂಗಳಿಗೆ ಹೋಗವ್ರು. ನನ್ನದು ಹೋದ್ರ ನಾವು ಮೂರು ಮಂದಿ ಎಲ್ಲಿಗೆ ಹೋಗೂದು? ಸಣ್ಣಾಕಿನ್ನ ಈಗಷ್ಟ ಶಾಲಿಗೆ ಹಾಕೇವಿ."

ಅವನ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಕಟ್ಟಿಕೊಂಡು ಬಂದ ನನ್ನ ಹಳೆಯ ಹಂಬಲದಿಂದ ಅವನ ಅನ್ನಕ್ಕೆ ಕಲ್ಲು ಬಿದ್ದಿತ್ತು. ದಾರಿಯುದ್ದಕ್ಕೂ ಅವನು ಹೇಳಿಕೊಟ್ಟ ವಾಕ್ಯವನ್ನು ಬಾಯಿಪಾಠ ಮಾಡುತ್ತ ಹೋದೆ. ನಿಜ ಹೇಳಬೇಕೆಂದರೆ ಅದನ್ನೇ ಹೇಳುವವನಿದ್ದೆ.

ವಿಚಾರಣೆಯ ಕೋಣೆಯಲ್ಲಿ ಸುರಕ್ಷತೆಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಅವರು ಮೊದಲು ಮುಲೆಂಗಾರನ್ನು ಕೇಳಿದರು. ಮುಲೆಂಗಾ ಎದ್ದು ನಿಂತು, "ನಾನು ಕಿಡಕಿ ಬಿಟ್ಟೆ ಮುಕ್ವಾಯ್. ಅತಿಥಿಗಳ ತಪ್ಪಿಲ್ಲ" ಎಂದರು. ಯಾಕೆ ಬಿಟ್ಟಿರಿ ಎಂದರೆ, ತಪ್ಪು ನನ್ನದು ಎಂದಷ್ಟೇ ಮತ್ತೆ ಹೇಳಿದರು. ಹೋಳಿಗೆಯ ಮಾತು ಬಂದರೆ ನಾನು ಅದರಲ್ಲಿ ಸಿಕ್ಕಿಕೊಳ್ಳುತ್ತೇನೆ ಎಂದು ಅದನ್ನು ಅವರು ಬಾಯಿಬಿಡಲಿಲ್ಲ.

ನನ್ನ ಪಾಳಿ ಬಂತು. ಬಾಯಿಪಾಠ ಮಾಡಿದ್ದನ್ನು ಬಿಟ್ಟುಬಿಟ್ಟೆ. ತಪ್ಪು ಕಂಡರೂ ಕಾಣದವನ ಹಾಗೆ ಕರಡು ದಾಟಿಸುವುದು ನನಗೆ ಆಯುಷ್ಯದಲ್ಲಿ ಬಂದಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಿನ್ನಲು ಕೊಟ್ಟವನು ನಾನು. ಅದಕ್ಕೇ ಅವರು ಕೈ ತೊಳೆಯಲು ಹೋದದ್ದು. ಅವರು ಕಿಟಕಿಯಲ್ಲೇ ಇದ್ದಿದ್ದರೂ ನಾನು ಬಿಲ್ಲೆ ತೆಗೆಯುತ್ತಿರಲಿಲ್ಲ, ಯಾಕೆಂದರೆ ನಮ್ಮ ಗಣಿಯಲ್ಲಿ ತೂಗುವ ಬಿಲ್ಲೆ ಅಂದರೆ ಹೊರಗೆ ಬಂದವನ ಬಿಲ್ಲೆ. ನನ್ನ ಸೋದರಳಿಯ ಬಿಲ್ಲೆ ನೋಡಿಕೊಳ್ಳಿ ಎಂದು ಹೇಳಿಯೇ ಹೋಗಿದ್ದ. ನಾನು ನೋಡಿಕೊಂಡೆ, ನನ್ನ ಅಪ್ಪ ಕಲಿಸಿದ ಹಾಗೆ ನೋಡಿಕೊಂಡೆ.

ಆ ಹೆಣ್ಣುಮಗಳು ಬರೆಯುವುದನ್ನು ನಿಲ್ಲಿಸಿ ಕೇಳಿದರು. "ನಿಮ್ಮ ಗಣಿ ಈಗ ಎಲ್ಲೈತ್ರಿ?"

"ಈಗ ಇಲ್ರಿ" ಎಂದೆ.

ಅವರು ಬರೆದದ್ದನ್ನು ಮತ್ತೊಮ್ಮೆ ಓದಿ ತೀರ್ಪು ಹೇಳಿದರು. ಮುಲೆಂಗಾರಿಗೆ ಬಾಯಿಮಾತಿನ ಎಚ್ಚರಿಕೆ, ಕಪ್ಪು ಗೆರೆ ಇಲ್ಲ. ಅತಿಥಿಯನ್ನು ಬಿಟ್ಟು ಹೋದದ್ದಕ್ಕೆ ವೀರೇಶನಿಗೆ ಕಪ್ಪು ಗೆರೆ. ಕೆಲಸ ಉಳಿಯುತ್ತದೆ, ಆದರೆ ಆ ವರ್ಷ ಬರಬೇಕಿದ್ದ ಬಡ್ತಿ ಇಲ್ಲ. ನಾನು ಇನ್ನು ಗಣಿಯ ಗೇಟಿನೊಳಗೆ ಕಾಲಿಡುವಂತಿಲ್ಲ.

ವೀರೇಶ ನನ್ನ ಜೊತೆ ಅವತ್ತೂ ಮಾತಾಡಲಿಲ್ಲ, ಮರುದಿನವೂ ಇಲ್ಲ. ನನ್ನ ತಟ್ಟೆಗೆ ಬಡಿಸುತ್ತ ಸವಿತಾ ಮೆಲ್ಲಗೆ, "ನೀವು ಮಾಡಿದ್ದು ಬರೋಬ್ಬರಿ ಐತಿ ಮಾಮಾ. ಆದ್ರ ಅವ್ರಿಗೂ ಸ್ವಲ್ಪ ದಿನಾ ಬೇಕಾಗತೈತಿ" ಎಂದಳು.

ಹೊರಡುವ ಮುನ್ನಾ ಸಂಜೆ

ಹೊರಡುವ ಹಿಂದಿನ ದಿನ ಸಂಜೆ ಮುಲೆಂಗಾ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಗೆಣಸಿನ ಚೀಲ. ಪಡಸಾಲೆಯಲ್ಲಿ ಕುಳಿತರು. ಸವಿತಾ ತಂಬಿಗೆಯಲ್ಲಿ ನೀರು ತಂದು ಅವರ ಕೈಗೆ ಹಾಕಿದಳು, ಚಹಾ ಚೂಡಾ ಕೊಟ್ಟಳು. ವೀರೇಶ ಬಾಗಿಲಿಗೆ ಒರಗಿ ನಿಂತಿದ್ದ.

ಧನ್ಯವಾದ ಹೇಳಲು ಬಂದಿದ್ದಾರೆ ಅಂದುಕೊಂಡಿದ್ದೆ. ಅವರು ಬಂದದ್ದು ಒಂದು ಪ್ರಶ್ನೆ ಕೇಳಲು.

"ನಿಮ್ಮ ಗಣಿ ನಿಂತಿತು ಅಂದ್ರಲ್ಲಾ. ನಿಂತ ಮರುದಿನ ನಿಮ್ಮ ತಂದಿಯವರು ಏನ ಮಾಡಿದ್ರು?"

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ. ಮರುದಿನ ಅಪ್ಪ ಎಂದಿನಂತೆ ಎದ್ದು ಸ್ನಾನ ಮಾಡಿ ಬಿಲ್ಲೆಯ ಗುಡಿಸಲಿಗೆ ಹೋದರು. ಯಾರೂ ಇಳಿಯುವವರಿರಲಿಲ್ಲ. ಮಧ್ಯಾಹ್ನ ಅವ್ವ ನನ್ನ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸಿದಳು. ನಾನು ಹೋದಾಗ ಅಪ್ಪ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಬಿಲ್ಲೆ ಮುಟ್ಟುತ್ತ, ನಂಬರಿನ ಜೊತೆ ಆಳಿನ ಹೆಸರು ಹೇಳುತ್ತಿದ್ದರು. ಒಂದು ಮೊಳೆಯೂ ಖಾಲಿ ಇರಲಿಲ್ಲ. ಕೊನೆಯದನ್ನು ಮುಟ್ಟಿ, "ಎಲ್ಲಾರೂ ಹೊರಗ ಬಂದಾರ ತಮ್ಮಾ. ಹದಿನಾರು ವರ್ಷದಾಗ ಒಬ್ಬನ್ನೂ ಒಳಗ ಬಿಟ್ಟಿಲ್ಲ" ಎಂದರು. ಆಮೇಲೆ ನೆಲದ ಮೇಲೆ ಕುಳಿತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಲೆಂಗಾ ಚಹಾದ ಲೋಟ ಕೆಳಗಿಟ್ಟರು.

"ಮನಿ ಒಂದು ಸಿಕ್ಕರ ಸಾಕು, ಮುಗೀತು ಅಂತಿದ್ದೆ" ಎಂದರು. "ಈಗ ಸಾಕಾಗವಲ್ದು. ನಮ್ಮ ಗಣಿಯೂ ಇನ್ನ ಬಹಳ ದಿನ ನಡಿಯೂದಿಲ್ರಿ. ಆ ದಿನಾ ಕಿಡಕ್ಯಾಗ ಯಾರೋ ಹೊಸಬ ಇರಬಾರದು. ಕಡೀ ಮನಷ್ಯಾನ ಬಿಲ್ಲಿ ನಾನ ಇಸಗೋಬೇಕು. ಅಲ್ಲೀತನಕಾ ನನ್ನ ಇಟ್ಕೋರಿ ಅಂತ ಕೇಳಬೇಕು. ಕೇಳಿದ್ರ ಇಟ್ಕೋತಾರೇನ್ರಿ?"

ನನಗೆ ಗೊತ್ತಿಲ್ಲ ಎಂದೆ. ಅವರು ಎದ್ದು, ಎಡಗೈಯಿಂದ ಮೊಣಕೈ ಹಿಡಿದು ನನಗೆ ಕೈಕೊಟ್ಟರು. ವೀರೇಶನಿಗೂ ಹಾಗೇ ಕೈಕೊಟ್ಟು ಮೆಟ್ಟಿಲಿಳಿದರು. ಗೇಟಿನವರೆಗೆ ಹೋಗಿ ಕಳಿಸಿ ಬಂದೆ. ಒಳಗೆ ಬಂದರೆ ವೀರೇಶ ಮೇಜಿನ ಮುಂದೆ ಕುಳಿತು ಒಂದು ಬಿಳಿ ಹಾಳೆ ತೆಗೆದಿಟ್ಟಿದ್ದ.

"ಮುಲೆಂಗಾ ಅವ್ರ ಅರ್ಜಿ ನಾನ ಬರದು ಕೊಡ್ತೀನಿ ಮಾಮಾ. ಪಾಳಿ ಮೇಲ್ವಿಚಾರಕನ ಸಹೀನೂ ಇದ್ರ ಛಲೋ" ಎಂದ. ಎರಡು ದಿನದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. "ನೀವು ಇಲ್ಲೇ ಕುಂಡ್ರಿ. ನಮ್ಮ ಅಜ್ಜನ ಸುದ್ದೀನೂ ಅದರಾಗ ಬರೀತೀನಿ, ಇನ್ನೊಮ್ಮೆ ಮೊದಲಿಂದ ಹೇಳ್ರಿ."

ನಾನು ಕುರ್ಚಿ ಎಳೆದುಕೊಂಡು ಕುಳಿತು ಮೊದಲಿನಿಂದ ಹೇಳತೊಡಗಿದೆ.